ಅಚ್ಚಿನಂತೆ ಹಲಗೆ

ಕೊಳಗಲ್ಲಿನ ಬಡಿಗೇರ ಶೆಡ್ಡೊಂದರ ಗೋಡೆಯಲ್ಲಿ ಬಾಗಿದ ಹಲಗೆಯೊಂದು ಮೊಳೆಗೆ ನೇತುಬಿದ್ದಿದೆ. ಎರಡೂವರೆ ಅಡಿ ಉದ್ದ, ಬಿದಿಗೆ ಚಂದ್ರನಂಥ ಬಾಗು. ಎಣ್ಣೆ, ಹೊಗೆ, ಕೈಬೆವರು ಕುಡಿದು ಕಪ್ಪಗಾಗಿದೆ. ಶಾಲೆ ಬಿಟ್ಟು ಬರುವ ಹುಡುಗರು ಒಳಗೆ ಇಣುಕಿ, 'ತಾತಾ, ಅದು ತೊಟ್ಟಿಲಿಂದೇನು?' ಎಂದು ಕೇಳುತ್ತಾರೆ. 'ಅಲ್ಲಲೇ, ಮರದ ಕುದುರಿದು' ಎಂದು ಇನ್ನೊಬ್ಬ ತೀರ್ಪು ಕೊಡುತ್ತಾನೆ. ಬಡಿಗೇರ ತಾತ ನಗುತ್ತಾರೆಯೇ ಹೊರತು ಉತ್ತರ ಹೇಳುವುದಿಲ್ಲ. ಹೇಳಲು ಹೊರಟರೆ ಬಂಡಿಯ ಕತೆಯನ್ನೆಲ್ಲ ಹೇಳಬೇಕಾಗುತ್ತದೆ. ಬಂಡಿಯನ್ನೇ ಸರಿಯಾಗಿ ನೋಡದ ಮಕ್ಕಳಿಗೆ ಅದನ್ನು ಎಲ್ಲಿಂದ ಶುರು ಮಾಡುವುದು?

ಬಳ್ಳಾರಿಗೆ ಹತ್ತಿರದ ಈ ಊರನ್ನು ಸುತ್ತಲಿನವರು ಎರ್ರಿತಾತನ ಊರೆಂದು ಬಲ್ಲರು. ಇತಿಹಾಸ ಓದಿದವರು ಇನ್ನೊಂದು ಕಾರಣಕ್ಕೆ ಬಲ್ಲರು. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣ ತೀರಿಕೊಂಡು ಖೊಟ್ಟಿಗ ಪಟ್ಟಕ್ಕೆ ಬಂದ ಸಂಗತಿಯನ್ನು ಹೇಳುವ ಕ್ರಿ.ಶ. 967ರ ಶಾಸನ ಇಲ್ಲಿಯದು. ಕಲ್ಲಿಗೆ ಸಾವಿರ ವರ್ಷದ ಆಯುಸ್ಸಿದೆ. ಮರಕ್ಕೆ ಅಷ್ಟಿಲ್ಲ. ಗೆದ್ದಲು, ಮಳೆ, ಒಲೆ ಇವು ಮೂರೂ ಸೇರಿ ಬಡಗಿಯ ಹೆಸರನ್ನು ಒಂದೆರಡು ತಲೆಮಾರಿನಲ್ಲೇ ಅಳಿಸಿಬಿಡುತ್ತವೆ. ಆದರೂ ಆ ಕಪ್ಪು ಹಲಗೆ ಮೂರು ತಲೆಮಾರು ದಾಟಿ ಉಳಿದಿದೆ. ಅದನ್ನು ಮಾಡಿದವರು ತಾತನ ತಂದೆ.

ಅದು ಬಂಡಿಯ ಗಾಲಿಯ ಅಚ್ಚು. ಇಲ್ಲಿ ಒಂದು ಮಾತು ಹೇಳಬೇಕು. ಕನ್ನಡದಲ್ಲಿ ಅಚ್ಚು ಎಂಬ ಪದಕ್ಕೆ ಮೈತುಂಬ ಅರ್ಥ. ಗಾಲಿ ತಿರುಗುವ ಇರುಸೂ ಅಚ್ಚು, ಬೆಲ್ಲ ಹೊಯ್ಯುವ ಮಣೆಯೂ ಅಚ್ಚು, ಪುಸ್ತಕದ ಮುದ್ರಣವೂ ಅಚ್ಚು. ಒಂದನ್ನು ನೋಡಿ ಅದರಂತೆಯೇ ಇನ್ನೊಂದನ್ನು ಮಾಡಲು ಇಟ್ಟುಕೊಳ್ಳುವ ಮಾದರಿಯೂ ಅಚ್ಚೇ. ಗೋಡೆಯ ಮೇಲಿನ ಹಲಗೆ ಈ ಕೊನೆಯ ಜಾತಿಯದು.

ಮರದ ಗಾಲಿಯ ಸುತ್ತು ಒಂದೇ ಮರದಿಂದ ಆದದ್ದಲ್ಲ. ಬಾಗಿದ ಆರು ತುಂಡುಗಳನ್ನು ಕೂಡಿಸಿದರೆ ಒಂದು ಸುತ್ತು. ಒಂದೊಂದು ತುಂಡಿಗೆ ಎರಡೆರಡು ಅರ, ಒಟ್ಟು ಹನ್ನೆರಡು. ವೃತ್ತದ 360 ಡಿಗ್ರಿಯಲ್ಲಿ ಒಂದು ತುಂಡಿನ ಪಾಲು 60. ಒಂದು ತುಂಡು ಒಂದು ಮಿಲಿಮೀಟರ್ ಉದ್ದವಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆರೂ ಹಾಗೆಯೇ ಆದರೆ ಆರು ಮಿಲಿಮೀಟರ್ ಹೆಚ್ಚಾಗಿ ಕೊನೆಯ ತುಂಡು ಒಳಗೆ ಕೂರುವುದೇ ಇಲ್ಲ. ಒಂದು ಮಿಲಿಮೀಟರ್ ಕಡಿಮೆಯಾದರೆ ಗಾಲಿಯಲ್ಲಿ ಸಂದು. ಆದ್ದರಿಂದ ಬಡಗಿ ಪ್ರತಿ ತುಂಡನ್ನೂ ಹೊಸದಾಗಿ ಅಳೆಯುತ್ತಿರಲಿಲ್ಲ. ಅಚ್ಚನ್ನು ಹಲಗೆಯ ಮೇಲಿಟ್ಟು, ಸುತ್ತ ಗೆರೆ ಎಳೆದು, ಬಾಚಿಯಿಂದ ಕೆತ್ತಿ, ಹತ್ತರಿಯಿಂದ ನಯ ಮಾಡುತ್ತಿದ್ದ. ಗೆರೆ ಅಚ್ಚಿನದು, ಗೆರೆಯ ಮೇಲೆ ನಿಲ್ಲುವ ಕೈ ಬಡಗಿಯದು.

ಆಮೇಲೆ ಕಬ್ಬಿಣದ ಪಟ್ಟಿ ತೊಡಿಸುವ ದಿನ. ಬೆರಣಿಯ ಬೆಂಕಿಯಲ್ಲಿ ಪಟ್ಟಿಯನ್ನು ಕಾಯಿಸಿ, ಇಕ್ಕಳದಲ್ಲಿ ಹಿಡಿದು ಗಾಲಿಗೆ ಕೂರಿಸಿ, ಸುತ್ತ ನೀರು ಸುರಿಯುವುದು. ಘನವಸ್ತು ಶಾಖಕ್ಕೆ ಹಿಗ್ಗುತ್ತದೆ ಎನ್ನುವುದಕ್ಕೆ ಶಾಲೆಯ ಪಠ್ಯಪುಸ್ತಕಗಳು ಕೊಡುವ ಉದಾಹರಣೆ ಇದೇ. ಐದಡಿ ಎತ್ತರದ ಗಾಲಿಯ ಸುತ್ತಳತೆ ಸುಮಾರು 4.8 ಮೀಟರ್. ಪಟ್ಟಿ 400 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದರೆ ಸುತ್ತಳತೆ ಹಿಗ್ಗುವುದು ಸುಮಾರು 22 ಮಿಲಿಮೀಟರ್, ಎಂದರೆ ಒಂದು ಇಂಚಿಗೂ ಕಡಿಮೆ. ಆ ಇಂಚಿನೊಳಗೇ ಬಡಗಿಯ ತಪ್ಪೊಪ್ಪುಗಳೆಲ್ಲ ಅಡಗಬೇಕು. ತಾತನ ತಂದೆ ಹಿಗ್ಗುವಿಕೆಯ ಸೂತ್ರವನ್ನು ಓದಿದವರಲ್ಲ. ಓದದೆಯೇ ಪಾಲಿಸಿದವರು.

ಆ ಕಾಲದಲ್ಲಿ ಸಂಬಳವಿರಲಿಲ್ಲ, ಆಯವಿತ್ತು. ರೈತನ ನೇಗಿಲು, ಕುಂಟೆ, ಕೂರಿಗೆಗಳನ್ನು ವರ್ಷವಿಡೀ ನೋಡಿಕೊಂಡದ್ದಕ್ಕೆ ಸುಗ್ಗಿಯಲ್ಲಿ ಕಣದಿಂದಲೇ ಜೋಳ ಬರುತ್ತಿತ್ತು. ತುಂಗಭದ್ರೆಯ ನೀರು ಕಾಲುವೆಗೆ ಬಂತು. ಟ್ರ್ಯಾಕ್ಟರು ಬಂತು. ಬಂಡಿಗಳಿಗೆ ಟೈರು ಬಂತು, ಕೊನೆಗೆ ಬಂಡಿಯೇ ಹೋಯಿತು. ಕೂರಿಗೆ ಕಬ್ಬಿಣದ್ದಾಯಿತು. ತಾತ ಬಾಗಿಲು, ಕಿಟಕಿ, ಮಂಚಗಳಿಗೆ ತಿರುಗಿಕೊಂಡರು. ಕರಿಜಾಲಿ, ಬೇವುಗಳ ಜಾಗಕ್ಕೆ ಪ್ಲೈವುಡ್ ಬಂದಾಗ ಅವರ ಕೈ ನಡುಗಲು ಆರಂಭವಾಗಿತ್ತು. ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಗಿತ್ತು. ಅಚ್ಚಿನ ಗೆರೆ ಕಾಣುತ್ತಿತ್ತು, ಆದರೆ ಉಳಿ ಗೆರೆಯ ಮೇಲೆ ನಿಲ್ಲುತ್ತಿರಲಿಲ್ಲ.

ಮಗ ಮೊದಲು ಬಳ್ಳಾರಿಯ ಫರ್ನಿಚರ್ ಅಂಗಡಿಯಲ್ಲಿ, ಆಮೇಲೆ ಬೆಂಗಳೂರಿನಲ್ಲಿ ಮನೆಗಳ ಒಳಗಿನ ಕಪಾಟು, ಅಡುಗೆಮನೆಯ ಕೆಲಸ ಮಾಡಿದವನು. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಬಂದವನು ತಿರುಗಿ ಹೋಗಲಿಲ್ಲ. ಬರುವಾಗ ಬಟ್ಟೆಯ ಚೀಲದ ಜೊತೆಗೆ ಒಂದು ಟ್ರಿಮ್ಮರ್ ಮಷಿನ್ನನ್ನೂ ಒಂದು ಸಣ್ಣ ಡಬ್ಬಿಯನ್ನೂ ತಂದಿದ್ದ. ಡಬ್ಬಿಯಲ್ಲಿ ಹತ್ತಿಯ ಮೇಲೆ ಮಲಗಿಸಿದ ಆರೇಳು ಬಿಟ್‌ಗಳು. ಮಗು ಹಲ್ಲು ಎಣಿಸುವಂತೆ ಅವನ್ನು ಎಣಿಸಿ ನೋಡುತ್ತಿದ್ದ.

ಟ್ರಿಮ್ಮರ್ ಎಂದರೆ ಒಂದೇ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ರೂಟರ್. ಇಂದಿನ ಮಕ್ಕಳಿಗೆ ರೂಟರ್ ಎಂದರೆ ಮೊಬೈಲಿಗೆ ಇಂಟರ್‌ನೆಟ್ ಹಂಚುವ ಪೆಟ್ಟಿಗೆ. ಬಡಗಿಯ ರೂಟರ್ ಅದಕ್ಕಿಂತ ಹಿರಿಯದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಟರ್ ಎಂಬ ಕುಶಲಕರ್ಮಿ ಕೈಯಲ್ಲಿ ಹಿಡಿಯುವ ಇಂಥ ವಿದ್ಯುತ್ ಯಂತ್ರವನ್ನು ಕಟ್ಟಿದ. ಅದರ ಮೊದಲ ಅಲಗನ್ನು ಕ್ಷೌರದ ವಿದ್ಯುತ್ ಯಂತ್ರದ ಹಲ್ಲುಚಕ್ರದಿಂದ ಮಾಡಿಕೊಂಡನಂತೆ. 1929ರಲ್ಲಿ ಆ ವ್ಯವಹಾರವನ್ನು ಸ್ಟ್ಯಾನ್ಲಿ ಕಂಪನಿ ಕೊಂಡುಕೊಂಡಿತು. ತಲೆಗೂದಲು ಕತ್ತರಿಸುವ ಯಂತ್ರದ ವಂಶಸ್ಥ ಕೊಳಗಲ್ಲಿಗೆ ಬರಲು ನೂರು ವರ್ಷ ಹಿಡಿಯಿತು.

ಮಗನಿಗೆ ಊರಿನಲ್ಲಿ ಸಿಕ್ಕ ಮೊದಲ ಕೆಲಸ ಒಂದು ಮನೆಯ ಅಡುಗೆ ಕಟ್ಟೆಯ ಕಪಾಟು. ಪ್ಲೈವುಡ್ ಮೇಲೆ ಸನ್ಮೈಕಾ ಅಂಟಿಸಬೇಕು. ಸನ್ಮೈಕಾ ಎಂಬುದು ಒಂದು ಕಂಪನಿಯ ಸರಕಿನ ಹೆಸರು. ಜನರ ಬಾಯಲ್ಲಿ ಲ್ಯಾಮಿನೇಟುಗಳಿಗೆಲ್ಲ ಅದೇ ಹೆಸರಾಗಿದೆ. ಇದರ ಹಿರಿಯಣ್ಣ ಫಾರ್ಮೈಕಾ. 1912ರಲ್ಲಿ ಅಮೆರಿಕದ ಇಬ್ಬರು ಎಂಜಿನಿಯರುಗಳು ವಿದ್ಯುತ್ ಉಪಕರಣಗಳಲ್ಲಿ ಬಳಸುವ ಮೈಕಾದ ಬದಲಿಗೆ ಇದನ್ನು ಕಂಡುಹಿಡಿದರು. 'ಮೈಕಾದ ಬದಲು' ಎಂಬ ಇಂಗ್ಲಿಷ್ ಮಾತೇ ಅದರ ಹೆಸರಾಯಿತು. ಮೈಕಾ ಎಂದರೆ ಕಾಗೆಬಂಗಾರ.

ಈ ಹಾಳೆ ಒಂದು ಮಿಲಿಮೀಟರಿನಷ್ಟು ತೆಳು. ಗಾಜಿನ ಹಾಗೆ ಗಡುಸು. ಹಲಗೆಯ ಅಳತೆಗೇ ಸರಿಯಾಗಿ ಕತ್ತರಿಸಿ ಅಂಟಿಸಲು ಹೋದರೆ ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಆಗುವುದು ಖಂಡಿತ. ಅದಕ್ಕೇ ಸುತ್ತ ಸ್ವಲ್ಪ ಹೊರಚಾಚುವಂತೆ ಅಂಟಿಸಿ, ಅಂಟು ಒಣಗಿದ ಮೇಲೆ ಹೆಚ್ಚಾದದ್ದನ್ನು ತೆಗೆಯುತ್ತಾರೆ. ಮೊದಲು ಅರ ಹಾಕಿ ಉಜ್ಜುತ್ತಿದ್ದರು. ಒಂದು ಬಾಗಿಲಿಗೆ ಅರ್ಧ ಗಂಟೆ. ಅಷ್ಟು ಉಜ್ಜಿಯೂ ಎಲ್ಲೋ ಒಂದು ಚಕ್ಕೆ ಎದ್ದು ಬಾಗಿಲಿನ ಮುಖ ಕೆಡುತ್ತಿತ್ತು. ಮಗ ಡಬ್ಬಿಯಿಂದ ಒಂದು ಬಿಟ್ ತೆಗೆದು ಮಷಿನ್ನಿಗೆ ಹಾಕಿ, ಬಾಗಿಲಿನ ಸುತ್ತ ಒಂದು ಸುತ್ತು ಬಂದ. ಒಂದು ನಿಮಿಷ. ಅಂಚು ಬೆರಳಿಗೆ ಗೊತ್ತಾಗದಷ್ಟು ಸಮ.

ತಾತ ಬೆರಳಾಡಿಸಿ ನೋಡಿದರು. 'ಕೈ ಎಲ್ಲೂ ತಪ್ಪಿಲ್ಲಲ್ಲ' ಎಂದರು. 'ಕೈಯಿಂದ ಅಲ್ಲಪ್ಪಾ, ಇದರಾಗ ಬೇರಿಂಗ್ ಐತಿ, ಅದು ತಪ್ಪಂಗಿಲ್ಲ' ಎಂದು ಮಗ ಬಿಟ್ಟನ್ನು ಬಿಚ್ಚಿ ಅವರ ಅಂಗೈ ಮೇಲಿಟ್ಟ.

ಪೇಟೆಯಲ್ಲಿ ಇದನ್ನು ಫ್ಲಶ್ ಟ್ರಿಮ್ ಬಿಟ್ ಎನ್ನುತ್ತಾರೆ. ಕೆಲಸಗಾರರ ಬಾಯಲ್ಲಿ ಬೇರಿಂಗ್ ಬಿಟ್. ಕಿರುಬೆರಳಿನಷ್ಟು ಉಕ್ಕಿನ ಕಡ್ಡಿ. ಅದರ ಎರಡು ಬದಿಗೆ ಎರಡು ಅಲಗು. ತುದಿಯಲ್ಲಿ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದ ಬಾಲ್ ಬೇರಿಂಗ್. ಗುಟ್ಟೆಲ್ಲ ಇರುವುದು ಒಂದೇ ಸಂಗತಿಯಲ್ಲಿ: ಅಲಗುಗಳು ತಿರುಗುವಾಗ ಆಗುವ ವೃತ್ತದ ವ್ಯಾಸವೂ ಬೇರಿಂಗಿನ ವ್ಯಾಸವೂ ಸರಿಸಮ. ಬೇರಿಂಗ್ ಕೆಳಗಿನ ಪ್ಲೈವುಡ್ ಅಂಚಿಗೆ ತಾಗಿ ಉರುಳುತ್ತದೆ, ಅಲಗು ಮೇಲಿನ ಸನ್ಮೈಕಾವನ್ನು ಕೊರೆಯುತ್ತದೆ. ಬೇರಿಂಗ್ ಅಂಚಿಗೆ ತಾಗಿದ ಮೇಲೆ ಅಲಗು ಒಂದು ಕೂದಲೆಳೆಯಷ್ಟೂ ಒಳಗೆ ಹೋಗಲಾರದು. ಹೆಚ್ಚಾದದ್ದು ಹೋಗುತ್ತದೆ, ಬೇಕಾದದ್ದು ಉಳಿಯುತ್ತದೆ.

ತುದಿಯಲ್ಲಿ ಬೇರಿಂಗೇ ಏಕೆ ಬೇಕು, ಒಂದು ನುಣುಪಾದ ಗುಂಡಿ ಸಾಲದೇ ಎಂದು ಕೇಳಬಹುದು. ಹಳೆಯ ಬಿಟ್‌ಗಳಲ್ಲಿ ಇದ್ದದ್ದು ಅದೇ. ಗುಂಡಿಯೂ ಬಿಟ್‌ನ ಜೊತೆಗೇ ಗರಗರ ತಿರುಗಿ ಮರಕ್ಕೆ ಉಜ್ಜಿ ಸುಟ್ಟ ಕಲೆ ಮಾಡುತ್ತಿತ್ತು. ಬೇರಿಂಗಿನಲ್ಲಿ ಒಳಗಿನ ಬಳೆ ಮಾತ್ರ ಬಿಟ್‌ನ ಜೊತೆ ತಿರುಗುತ್ತದೆ. ಹೊರಗಿನ ಬಳೆ ಅಂಚಿಗೆ ತಾಗಿದೊಡನೆ ವೇಗವನ್ನು ಬಿಟ್ಟು, ಕೈ ಸಾಗಿದಷ್ಟೇ ನಿಧಾನವಾಗಿ ಉರುಳುತ್ತದೆ. ಘರ್ಷಣೆ ಕಡಿಮೆ, ಶಾಖ ಕಡಿಮೆ. ನಡುವಿನ ಗುಂಡುಗಳು ಎರಡು ವೇಗಗಳ ಜಗಳವನ್ನು ತಮ್ಮಲ್ಲೇ ಅರಗಿಸಿಕೊಳ್ಳುತ್ತವೆ.

ಆ ವೇಗವಾದರೂ ಎಷ್ಟು? ಟ್ರಿಮ್ಮರ್ ನಿಮಿಷಕ್ಕೆ 30,000 ಸುತ್ತು ತಿರುಗುವಂಥದ್ದು, ಎಂದರೆ ಸೆಕೆಂಡಿಗೆ 500. ಬಿಟ್‌ನ ವ್ಯಾಸ ಅರ್ಧ ಇಂಚು ಎಂದುಕೊಂಡರೆ ಅಲಗಿನ ಅಂಚು ಸೆಕೆಂಡಿಗೆ 20 ಮೀಟರ್ ಓಡುತ್ತದೆ. ಗಂಟೆಗೆ 72 ಕಿಲೋಮೀಟರ್. ಸಿರುಗುಪ್ಪದ ಬಸ್ಸು ಕೂಡ ಎಲ್ಲ ಕಡೆ ಅಷ್ಟು ಓಡುವುದಿಲ್ಲ. ಆ ವೇಗಕ್ಕೂ ಸನ್ಮೈಕಾದ ಗಡಸುತನಕ್ಕೂ ಸಾಮಾನ್ಯ ಉಕ್ಕು ಬೇಗ ಮೊಂಡಾಗುತ್ತದೆ. ಅದಕ್ಕೇ ಅಲಗಿನ ತುದಿಗೆ ಟಂಗ್‌ಸ್ಟನ್ ಕಾರ್ಬೈಡ್ ಬೆಸೆದಿರುತ್ತಾರೆ. ಕೆಲಸಗಾರರು ಇದಕ್ಕೆ ವಿಡಿಯಾ ಎನ್ನುತ್ತಾರೆ. ಜರ್ಮನಿಯ ಕ್ರುಪ್ ಕಂಪನಿ 1920ರ ದಶಕದಲ್ಲಿ ಇಟ್ಟ ಹೆಸರು ಅದು. 'ವಜ್ರದಂತೆ' ಎಂಬ ಜರ್ಮನ್ ಮಾತಿನ ಮೊಟಕು ರೂಪ. ಬೆಂಗಳೂರಿನ ತುಮಕೂರು ರಸ್ತೆಯಲ್ಲಿ ಅದೇ ಹೆಸರಿನ ಕಾರ್ಖಾನೆ ಬಂದದ್ದು 1960ರ ದಶಕದಲ್ಲಿ. ಗಟ್ಟಿಯಾದರೂ ವಿಡಿಯಾ ಪೆಡಸು. ನೆಲಕ್ಕೆ ಬಿದ್ದರೆ, ಮರದೊಳಗಿನ ಮೊಳೆಗೆ ತಾಗಿದರೆ ಚಕ್ಕೆ ಹಾರುತ್ತದೆ. ಆ ಚಕ್ಕೆ ಎಲ್ಲಿಗೆ ಹಾರುತ್ತದೆ ಎಂಬುದನ್ನು ಹೇಳಲಾಗದು. ಕಣ್ಣಿಗೆ ಕನ್ನಡಕವಿಲ್ಲದೆ ಈ ಯಂತ್ರ ಮುಟ್ಟಬಾರದು.

ತಾತ ಎಲ್ಲ ಕೇಳಿಸಿಕೊಂಡು ಬಿಟ್ಟನ್ನು ತಿರುಗಿ ಕೊಟ್ಟರು. 'ಬೇರಿಂಗ್ ತಪ್ಪಂಗಿಲ್ಲ, ಖರೆ. ಅಚ್ಚೇ ತಪ್ಪಿದ್ರ?' ಎಂದರು. ಮಗ ನಕ್ಕು ಸುಮ್ಮನಾದ. ಮುದುಕರ ಮಾತಿಗೆ ಮಕ್ಕಳು ನಗುವ ನಗೆ ಅದು.

ಆ ದಿನದಿಂದ ತಾತ ಶೆಡ್ಡಿನೊಳಗೆ ಬರುವುದು ಕಡಿಮೆಯಾಯಿತು. ಮುಂದಿನ ಬೇವಿನ ಗಿಡದ ಕೆಳಗೆ ಕೂತು, ಒಳಗೆ ಯಂತ್ರ ಕೂಗಿದಾಗಲೆಲ್ಲ ಮುಖ ತಿರುಗಿಸಿ ರಸ್ತೆ ನೋಡುತ್ತಿದ್ದರು. ಸೊಸೆ ಚಹಾ ತಂದು, 'ಒಳಗ ಬರ್ರಿ ಮಾವಾ, ಬಿಸಿಲು ಬಂತು' ಎಂದರೆ, 'ಒಳಗ ನಂದೇನು ಕೆಲಸ ಐತೆವ್ವಾ' ಎನ್ನುತ್ತಿದ್ದರು. ಐವತ್ತು ವರ್ಷ ಕೈ ಕಲಿತದ್ದನ್ನು ಕಡಲೆಕಾಳಿನಷ್ಟು ಬೇರಿಂಗ್ ಒಂದು ನಿಮಿಷದಲ್ಲಿ ಮಾಡಿ ಮುಗಿಸುವುದನ್ನು ಕಂಡ ಮೇಲೆ ಯಾರಿಗಾದರೂ ಹಾಗೆ ಅನಿಸೀತು.

ಅಷ್ಟರಲ್ಲಿ ದೊಡ್ಡ ಕೆಲಸವೊಂದು ಬಂತು. ಸುತ್ತಿನ ಊರೊಂದರ ಶಾಲೆಗೆ 30 ಡೆಸ್ಕುಗಳು. ಒಂದೊಂದು ಡೆಸ್ಕಿಗೂ ಎಡಬಲಕ್ಕೆ ಎರಡು ಬದಿಹಲಗೆ, ಒಟ್ಟು 60. ಪ್ರತಿ ಬದಿಹಲಗೆಯ ಕೆಳಗೆ ಮುಂಗಾಲು, ಹಿಂಗಾಲು, ನಡುವೆ ಕಮಾನು. ಇಂಥ ಕಡೆ ಬೇರಿಂಗ್ ಬಿಟ್ ಸನ್ಮೈಕಾ ಸವರುವುದಕ್ಕಿಂತ ದೊಡ್ಡ ಕೆಲಸ ಮಾಡುತ್ತದೆ. ಮೊದಲು ಒಂದು ಅಚ್ಚು ಮಾಡಿಕೊಳ್ಳುವುದು. ಅದನ್ನು ಪ್ಲೈವುಡ್ ಮೇಲಿಟ್ಟು ಗೆರೆ ಎಳೆದು, ಗೆರೆಯ ಹೊರಗೆ ಒಂದೆರಡು ಮಿಲಿಮೀಟರ್ ಬಿಟ್ಟು ಗರಗಸದಲ್ಲಿ ಕೊಯ್ಯುವುದು. ಆಮೇಲೆ ಅಚ್ಚನ್ನು ಎರಡೂ ಕಡೆ ಅಂಟುವ ಟೇಪಿನಿಂದ ಹಲಗೆಗೆ ಅಂಟಿಸಿ ಬಿಟ್ ಓಡಿಸುವುದು. ಬೇರಿಂಗ್ ಅಚ್ಚಿನ ಮೇಲೆ ಉರುಳಿದರೆ ಅಲಗು ಹಲಗೆಯನ್ನು ಅದರಂತೆಯೇ ಮಾಡುತ್ತದೆ. ಬೇರಿಂಗ್ ಬಿಟ್‌ನ ತುದಿಯಲ್ಲಿದ್ದರೆ ಅಚ್ಚು ಕೆಳಗೆ, ಬೇರಿಂಗ್ ಕಾಂಡದ ಕಡೆಗಿದ್ದರೆ ಅಚ್ಚು ಮೇಲೆ. ಅಷ್ಟೇ ವ್ಯತ್ಯಾಸ.

ಬಳ್ಳಾರಿಯವರಿಗೆ ಇದು ಹೊಸದಲ್ಲ. ಅಲ್ಲಿಯ ಜೀನ್ಸ್ ಘಟಕಗಳಲ್ಲಿ ಪ್ಯಾಂಟಿನ ಒಂದೊಂದು ಭಾಗಕ್ಕೂ ರಟ್ಟಿನ ಅಚ್ಚಿರುತ್ತದೆ. ಹತ್ತಾರು ಪದರ ಬಟ್ಟೆ ಒಟ್ಟಿ, ಮೇಲಿನ ಪದರದ ಮೇಲೆ ಅಚ್ಚಿಟ್ಟು ಗೆರೆ ಎಳೆದರೆ ಯಂತ್ರ ಎಲ್ಲವನ್ನೂ ಒಟ್ಟಿಗೆ ಕತ್ತರಿಸುತ್ತದೆ. ಹೊಲದಲ್ಲೂ ಹಾಗೆಯೇ. ಕೂರಿಗೆಯ ಮೊದಲ ಸಾಲು ಹಿಡಿಯುವಾಗ ಮನೆಯ ಹಿರಿಯನೇ ಮೇಳಿ ಹಿಡಿಯುತ್ತಿದ್ದ. ಮೊದಲ ಸಾಲು ನೆಟ್ಟಗಿದ್ದರೆ ಮುಂದಿನದನ್ನು ಹುಡುಗನೂ ಬಿತ್ತಬಲ್ಲ. ಮೊದಲನೆಯದು ಸೊಟ್ಟಗಾದರೆ ಹೊಲವೆಲ್ಲ ಸೊಟ್ಟ.

ಮಗ ಅಚ್ಚು ಮಾಡಿದ್ದು ಒಂದು ರಾತ್ರಿ ಊಟವಾದ ಮೇಲೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ. ಮುಂಗಾಲಿನ ಹತ್ತಿರ ಗರಗಸ ಸ್ವಲ್ಪ ಒಳಕ್ಕೆ ಹೊರಳಿತು. ಅದನ್ನು ನಯ ಮಾಡಲೆಂದು ಉಜ್ಜಿದ. ಉಜ್ಜಿದ್ದು ಕಾಣದಂತೆ ಮತ್ತಷ್ಟು ಉಜ್ಜಿದ. ನೋಡಲು ಅಚ್ಚು ಅಂದವಾಗಿತ್ತು.

ಮೂರು ದಿನ ಯಂತ್ರ ಕೂಗಿತು. ತಾತ ಹೊರಗಿನಿಂದಲೇ ಗಮನಿಸಿದ್ದು ಒಂದು ಸಂಗತಿ. ಮಗ ಹಲಗೆಯನ್ನು ಯಾವಾಗಲೂ ಎಡಕ್ಕಿಟ್ಟುಕೊಂಡು ಸುತ್ತುತ್ತಾನೆ. ಬಲಕ್ಕೆ ಇಡುವುದೇ ಇಲ್ಲ. 'ಗುಡಿ ಸುತ್ತೋದು ಬಲಕ್ಕ, ನೀ ಉಲ್ಟಾ ಸುತ್ತತಿಯಲ್ಲೋ' ಎಂದು ಕೇಳಿಯೇಬಿಟ್ಟರು. ಕಾರಣವಿದೆ. ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಹಲಗೆ ಎಡಕ್ಕಿದ್ದು ಮುಂದೆ ಸಾಗಿದರೆ ಅಲಗು ಮರವನ್ನು ಮುಂದಕ್ಕೆ ತಳ್ಳುತ್ತದೆ, ಮರ ಯಂತ್ರವನ್ನು ಹಿಂದಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೆಯ ನಿಯಮ. ಆ ಎದುರು ತಳ್ಳುವಿಕೆಯೇ ಕೈಗೆ ಹಿಡಿತ. ದಿಕ್ಕು ಬದಲಿಸಿದರೆ ಯಂತ್ರ ತಾನೇ ಮುಂದೆ ಓಡಲು ನೋಡುತ್ತದೆ, ಹಗ್ಗ ಹರಿದ ಹೋರಿಯಂತೆ. ಆದ್ದರಿಂದ ಹೊರ ಅಂಚಿಗೆ ಅಪ್ರದಕ್ಷಿಣೆ. ಕಿಂಡಿಯ ಒಳ ಅಂಚಿಗೆ ಮಾತ್ರ ಪ್ರದಕ್ಷಿಣೆ. ಪ್ಲೈವುಡ್ ಅಲ್ಲದೆ ಗಟ್ಟಿ ಮರವಾದರೆ ಎಳೆಯ ದಿಕ್ಕನ್ನೂ ನೋಡಬೇಕು. ಎಮ್ಮೆಯ ಮೈ ಸವರುವಾಗ ಕೂದಲು ಮಲಗಿದ ದಿಕ್ಕಿಗೆ ಸವರಿದಂತೆ. ಎದುರು ಹೋದರೆ ಸಿಬಿರೇಳುತ್ತದೆ. ಇದನ್ನು ತಾತನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹತ್ತರಿ ಹಿಡಿದವರಿಗೆಲ್ಲ ಗೊತ್ತಿರುವ ಸಂಗತಿ ಅದು.

ನಾಲ್ಕನೆಯ ದಿನ ಮೊದಲ ಡೆಸ್ಕು ಜೋಡಣೆಯಾಗಿ ಅಂಗಳಕ್ಕೆ ಬಂತು. ಶಾಲೆಗೆ ಹೋಗುವ ಮೊಮ್ಮಗ ಓಡಿ ಬಂದು ಕೂತ. ಜೇಬಿನಿಂದ ಗೋಲಿ ತೆಗೆದು ಮೇಲಿಟ್ಟ. ಗೋಲಿ ಉರುಳಿ ಮುಂದೆ ಬಿತ್ತು. ಎತ್ತಿ ಮತ್ತೆ ಇಟ್ಟ, ಮತ್ತೆ ಉರುಳಿತು. ಅವನಿಗೆ ಆಟ. ಮಗ ನೆಲ ಸರಿಯಿಲ್ಲವೆಂದು ಡೆಸ್ಕನ್ನು ಪಡಸಾಲೆಯ ಬಂಡೆಯ ಮೇಲಿಟ್ಟ. ಅಲ್ಲೂ ಉರುಳಿತು. ತಿರುಗಿಸಿ ಇಟ್ಟ. ಈಗ ಗೋಲಿ ಉರುಳುವ ದಿಕ್ಕೂ ತಿರುಗಿತು. ಮುಂಗಾಲು ಇದ್ದ ಕಡೆಗೇ ಅದರ ಓಟ. ತಪ್ಪು ನೆಲದ್ದಲ್ಲ.

ತಾತ ಎದ್ದು ಬಂದರು. ಒಂದು ತಾಟಿನಲ್ಲಿ ನೀರು ತರಿಸಿ ಡೆಸ್ಕಿನ ಮೇಲಿಟ್ಟರು. ನೀರು ಯಾರ ಮುಖವನ್ನೂ ನೋಡುವುದಿಲ್ಲ. ತಾನು ಸಮವಾಗಿದ್ದು ತಾಟಿನ ಓರೆಯನ್ನು ತೋರಿಸಿತು. ಒಳಗೆ ಹೋಗಿ ಅಚ್ಚನ್ನು ತಂದು, ಬಿಸಿಲಿಗೆ ಹಿಡಿದು, ಪೊರೆ ತೆಗೆದ ಕಣ್ಣು ಮುಚ್ಚಿ ಇನ್ನೊಂದರಿಂದ ಅಂಚಿನುದ್ದಕ್ಕೂ ನೋಡಿದರು. ಮುಂಗಾಲು ನಾಲ್ಕು ಮಿಲಿಮೀಟರ್ ಗಿಡ್ಡ. ಮಗ ಕೊಯ್ದಿಟ್ಟ 60 ಹಲಗೆಗಳನ್ನೂ ಒಂದೊಂದಾಗಿ ಅಚ್ಚಿನ ಮೇಲಿಟ್ಟು ನೋಡಿದ. ಎಲ್ಲವೂ ಅಚ್ಚಿಗೆ ಸರಿಯಾಗಿದ್ದವು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬೇರಿಂಗ್ ಎಲ್ಲೂ ತಪ್ಪಿರಲಿಲ್ಲ.

ಕೈಯಿಂದ ಮಾಡಿದ್ದರೆ 60 ಹಲಗೆಗೆ 60 ತಪ್ಪು ಇರುತ್ತಿದ್ದವು, ಒಂದೊಂದೂ ಒಂದೊಂದು ಬಗೆ. ಒಂದು ಕಾಲು ಗಿಡ್ಡ, ಇನ್ನೊಂದು ಉದ್ದ. ಎಲ್ಲೋ ಒಂದಕ್ಕೊಂದು ಸರಿಹೋಗುತ್ತಿದ್ದವು. ಯಂತ್ರದ ತಪ್ಪು ಹಾಗಲ್ಲ. ಒಂದೇ ತಪ್ಪು, 60 ಸಲ, ಒಂದೇ ದಿಕ್ಕಿಗೆ.

ಮಗ ಮೆಟ್ಟಿಲ ಮೇಲೆ ಕೂತುಬಿಟ್ಟ. ಪ್ಲೈವುಡ್ಡಿನ ದುಡ್ಡು ಸಾಲದ್ದು. ಡೆಸ್ಕು ಕೊಡಬೇಕಾದ ದಿನ ಹತ್ತಿರವಿತ್ತು. ತಾತ 'ನಾ ಅವತ್ತೇ ಹೇಳಿದ್ದೆ' ಎನ್ನಬಹುದಿತ್ತು. ಅನ್ನಲಿಲ್ಲ. ಅಚ್ಚನ್ನು ತೊಡೆಯ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡಿ, 'ಮುಂಗಾಲು ಬೆಳಸಾಕ ಆಗಲ್ಲ. ಹಿಂಗಾಲು ಇಳಸಬಹುದಲ್ಲ' ಎಂದರು.

ಮಗ ತಲೆ ಎತ್ತಿದ. ಹಿಂಗಾಲಿನಲ್ಲಿ ನಾಲ್ಕು ಮಿಲಿಮೀಟರ್ ಮರ ಹೆಚ್ಚಾಗಿ ಉಳಿದೇ ಇತ್ತು. 60 ಹಲಗೆಗಳನ್ನು ತಿದ್ದಬೇಕಾಗಿರಲಿಲ್ಲ. ಅಚ್ಚೊಂದನ್ನು ತಿದ್ದಿದರೆ ಸಾಕಿತ್ತು. ಡೆಸ್ಕು ನಾಲ್ಕು ಮಿಲಿಮೀಟರ್ ಗಿಡ್ಡವಾದೀತು, ಅದು ಯಾವ ಮಗುವಿನ ಮೊಣಕಾಲಿಗೂ ಗೊತ್ತಾಗದು.

ಹಿಂಗಾಲನ್ನು ಇಳಿಸುವ ಕೆಲಸವನ್ನು ತಾತನೇ ಮಾಡಿದರು. ಕೈ ನಡುಗುತ್ತಿತ್ತು. ಆದರೆ ಅರ ಎನ್ನುವುದು ಉಳಿಯಂತೆ ಒಂದೇ ಏಟಿಗೆ ಕೆಡಿಸುವ ಹತಾರವಲ್ಲ. ಒಂದು ಎಳೆತಕ್ಕೆ ಧೂಳಿನಷ್ಟು ಮರ. ನಡುಗಿದರೂ ಧೂಳಿನಷ್ಟೇ ತಪ್ಪು. ಹತ್ತು ಎಳೆತಕ್ಕೊಮ್ಮೆ ಮೂಲೆಮಟ್ಟ ಹಿಡಿದು, ನೋಡಿ, ಮತ್ತೆ ಎಳೆದು, ಮಧ್ಯಾಹ್ನವಿಡೀ ಕೂತರು. ಮಗ ಎರಡು ಸಲ, 'ಸಾಕಪ್ಪಾ' ಎಂದ. 'ನಿನಗ ಅರವತ್ತು ಸಲ ಬೇಕು, ನನಗ ಒಂದ್ಸಲ ಬೇಕು, ಸುಮ್ಮನಿರು' ಎಂದರು. ಅಂಚಿಗೆ ಬೆರಳಾಡಿಸಿ, ಕೊನೆಗೆ ಮೇಣದ ತುಂಡೊಂದನ್ನು ಸವರಿ ಕೊಟ್ಟರು.

ಮರುದಿನ ಯಂತ್ರ ಮತ್ತೆ ಕೂಗಿತು. ಬಿಟ್ ಹಾಕುವ ಮೊದಲು ಮಗ ಬೇರಿಂಗನ್ನು ಬೆರಳಿನಿಂದ ತಿರುಗಿಸಿ ನೋಡಿದ. ಅಂಟು ಮೆತ್ತಿ ಬೇರಿಂಗ್ ಬಿಗಿದರೆ ಅದು ಉರುಳುವ ಬದಲು ಉಜ್ಜಿ ಅಚ್ಚನ್ನೇ ಸುಡುತ್ತದೆ. ಅಚ್ಚಿನ ಅಂಚನ್ನು ಬಟ್ಟೆಯಿಂದ ಒರೆಸಿದ. ಒಂದು ಹನಿ ಒಣಗಿದ ಅಂಟಿದ್ದರೆ ಬೇರಿಂಗ್ ಅದರ ಮೇಲೆ ಹತ್ತಿ ಇಳಿದು ಹಲಗೆಯಲ್ಲೂ ಅದೇ ಉಬ್ಬು ಮೂಡಿಸುತ್ತದೆ. ಪ್ಲೈವುಡ್ಡಿನ ಪದರಗಳ ನಡುವೆ ಟೊಳ್ಳಿದ್ದರೂ ಅಷ್ಟೇ, ಬೇರಿಂಗ್ ಒಳಗೆ ಇಳಿದು ಅಲಗು ಮೇಲೆ ಗುಂಡಿ ತೋಡುತ್ತದೆ. ಇವನ್ನೆಲ್ಲ ಅವನು ಮೊದಲೂ ಬಲ್ಲ. ಬಲ್ಲದ್ದನ್ನು ಮಾಡಲು ಆ ದಿನ ಮನಸ್ಸು ಬಂತು. ಮುಖಕ್ಕೆ ಬಟ್ಟೆಯನ್ನೂ ಕಟ್ಟಿದ. ಮರದ ಧೂಳು ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಹೇಳಿದೆ. ಬಟ್ಟೆಗಿಂತ ಧೂಳು ಸೋಸುವ ಮಾಸ್ಕೇ ಮೇಲು.

ಸಂಜೆಯ ಹೊತ್ತಿಗೆ 60 ಹಲಗೆಗಳೂ ಸರಿಯಾದವು. ತಪ್ಪನ್ನು ಅರವತ್ತು ಮಾಡಿದ ಯಂತ್ರವೇ ಸರಿಯನ್ನೂ ಅರವತ್ತು ಮಾಡಿತು. ಅದಕ್ಕೆ ಎರಡರಲ್ಲೂ ಭೇದವಿಲ್ಲ.

ಅಚ್ಚನ್ನು ನೋಡಿ ನಕಲು ಮಾಡುವ ಯಂತ್ರದ ಕನಸು ಇಂದಿನದಲ್ಲ. ಉಗಿಯಂತ್ರವನ್ನು ಸುಧಾರಿಸಿದ ಜೇಮ್ಸ್ ವಾಟ್ ಮುಪ್ಪಿನಲ್ಲಿ ತನ್ನ ಮನೆಯ ಅಟ್ಟದ ಕೋಣೆ ಸೇರಿ, ಶಿಲ್ಪಗಳನ್ನು ನಕಲು ಮಾಡುವ ಯಂತ್ರಕ್ಕಾಗಿ ವರ್ಷಗಟ್ಟಲೆ ದುಡಿದ. ಒಂದು ಕಡ್ಡಿ ಮೂಲ ಶಿಲ್ಪವನ್ನು ಸವರುತ್ತ ಹೋದಂತೆ ಇನ್ನೊಂದು ಅಲಗು ಅದರಂತೆಯೇ ಕೆತ್ತಬೇಕು. 1819ರಲ್ಲಿ ಅವನು ತೀರಿಕೊಂಡ. ಅದೇ ವರ್ಷ ಅಮೆರಿಕದಲ್ಲಿ ಥಾಮಸ್ ಬ್ಲಾಂಚರ್ಡ್ ಎಂಬಾತ ಮಾದರಿಯನ್ನು ನೋಡಿ ಬಂದೂಕಿನ ಮರದ ಹಿಡಿಗಳನ್ನು ಕಡೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ. ಸೊಟ್ಟ ಆಕಾರದ ಸಾವಿರ ಹಿಡಿ, ಎಲ್ಲವೂ ಒಂದೇ ರೀತಿ. ಅಲ್ಲಿಂದ ಇಲ್ಲಿಯವರೆಗೆ, ಈಗಿನ ಪೇಟೆಗಳಲ್ಲಿ ಬಾಗಿಲ ಮೇಲೆ ಬಳ್ಳಿ ಕೆತ್ತುವ ಕಂಪ್ಯೂಟರ್ ಯಂತ್ರದವರೆಗೆ, ನಿಯಮ ಒಂದೇ. ಮೊದಲನೆಯದನ್ನು ಯಾರೋ ಒಬ್ಬರು ಸರಿಯಾಗಿ ಮಾಡಬೇಕು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎನ್ನುತ್ತಾರೆ. ಅಚ್ಚಿನಂತೆ ಹಲಗೆ ಎಂದು ಬಡಗಿ ಅದಕ್ಕೆ ಸೇರಿಸಬಹುದು.

ಈಗ ಶೆಡ್ಡಿನಲ್ಲಿ ಒಂದು ಕಟ್ಟುಪಾಡು ಬಂದಿದೆ. ಯಾವ ಕೆಲಸವೇ ಬರಲಿ, ಅಚ್ಚು ಮೊದಲು ಬೇವಿನ ಗಿಡದ ಕೆಳಗೆ ಹೋಗುತ್ತದೆ. ಅಲ್ಲಿ ಒಂದು ದಿನ, ಕೆಲವೊಮ್ಮೆ ಎರಡು ದಿನ ಇರುತ್ತದೆ. ಮಗ ಅವಸರ ಮಾಡುವುದಿಲ್ಲ. ಅವಸರ ಮಾಡಿದರೂ ತಾತನಿಗೆ ಕೇಳಿಸುವುದಿಲ್ಲ. ಕಿವಿ ಸ್ವಲ್ಪ ಮಂದವಾಗಿರುವುದು ಈಗ ಅನುಕೂಲಕ್ಕೆ ಬಂದಿದೆ. ಅವರ ಕೈಯ ನಡುಕ ಹೋಗಿಲ್ಲ. ಒಂದೊಂದು ದಿನ ಅರವನ್ನೂ ಹಿಡಿಯಲಾಗದೆ ಕೆಳಗಿಟ್ಟುಬಿಡುತ್ತಾರೆ. ಅಂಥ ದಿನ ಮಗ ಪಕ್ಕದಲ್ಲಿ ಕೂತು ಉಜ್ಜುತ್ತಾನೆ. ತಾತ ಬೆರಳಿನಿಂದ ಅಂಚು ಮುಟ್ಟಿ, 'ಇಲ್ಲಿ ಐತಿ ನೋಡು' ಎನ್ನುತ್ತಾರೆ. ಮಗನ ಕಣ್ಣಿಗೆ ಅಲ್ಲಿ ಏನೂ ಕಾಣುವುದಿಲ್ಲ. ಉಜ್ಜಿದ ಮೇಲೆ ಇತ್ತೆಂದು ಗೊತ್ತಾಗುತ್ತದೆ.

ಗೋಡೆಯಲ್ಲಿ ಕಪ್ಪು ಹಲಗೆಯ ಪಕ್ಕದಲ್ಲಿ ಹೊಸ ಮೊಳೆಗಳು ಬಂದಿವೆ. ಡೆಸ್ಕಿನ ಬದಿ, ಕುರ್ಚಿಯ ಬೆನ್ನು, ದೇವರ ಮನೆಯ ಕಮಾನು ಹೀಗೆ ನಾಲ್ಕೈದು ಅಚ್ಚುಗಳು ನೇತುಬಿದ್ದಿವೆ.

ಕಳೆದ ಬೇಸಿಗೆಯ ರಜೆಯಲ್ಲಿ ಮೊಮ್ಮಗ ಆ ಕಪ್ಪು ಹಲಗೆಯನ್ನು ಕೆಳಗಿಳಿಸಿದ. ತಾತ ಬೇಡವೆನ್ನಲಿಲ್ಲ. ಹುಡುಗ ಅದನ್ನು ಪಡಸಾಲೆಯ ಬಂಡೆಯ ಮೇಲಿಟ್ಟು ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆದ. ಒಂದು ತುದಿಯಿಂದ ಮತ್ತೊಂದನ್ನು ಜೋಡಿಸಿ ಮತ್ತೆ ಎಳೆದ. ಮೂರಾದಾಗ ಅರ್ಧ ಚಂದ್ರನಾಯಿತು. ನಾಲ್ಕು, ಐದು. ಹುಡುಗನಿಗೆ ಈಗ ಗೊತ್ತಾಯಿತು. ಮಂಡಿಯೂರಿ ಮೈಯೆಲ್ಲ ಕಣ್ಣಾಗಿ ಕೂತ. ಒಳಗಿನಿಂದ ಮಗನೂ ಯಂತ್ರ ನಿಲ್ಲಿಸಿ ಬಂದ. ಆರನೆಯ ಗೆರೆ ಸುತ್ತಿ ಬಂದು ಮೊದಲನೆಯದನ್ನು ಮುಟ್ಟಿತು. ನಡುವೆ ಸಂದು ಇರಲಿಲ್ಲ.

'ಗಾಲಿ!' ಎಂದ ಹುಡುಗ.

'ಹೌದು' ಎಂದರು ತಾತ.